ವಾಲ್ವ್ ಸರಿಯಿದೆ

ಮಸ್ಕತ್ತಿನಲ್ಲಿ ಬನಿಯನ್ನೇ ಸಾಕೆನ್ನುವ ಜನವರಿ.
ಬೆಟ್ಟದ ಬುಡದ ಪೊಲೀಸ್ ಚೌಕಿ ದಾಟಿ
ಸೈಕಿಗೆ ಹತ್ತುವಷ್ಟರಲ್ಲಿ ಕಿವಿ ಎರಡು ಸಲ ಕಟ್ಟಿ ಬಿಟ್ಟಿತು.
ಸ್ಪ್ಯಾನರು ಕೈಗೆ ಹತ್ತಿದ್ದು
ಐಸಿನ ಪೆಟ್ಟಿಗೆಯ ಬಂಗುಡೆಯ ಹಾಗೆ.

ಕೆಲಸದ ಚೀಟಿಯಲ್ಲಿ ಇಷ್ಟೇ:
ಬಾಯ್ಲರು ರಾತ್ರಿ ನಿಲ್ಲುತ್ತದೆ. ಸೇಫ್ಟಿ ವಾಲ್ವ್ ಹಾಳು. ಬದಲಿಸಿ.
ರಯ್ಯಾ ಅಜ್ಜಿ ಎರಡು ಶಾಲಿನೊಳಗಿಂದ ಬೆರಳು ತೆಗೆದು ತೋರಿಸಿದರು,
ಬೋಳು ದಾಳಿಂಬೆ ಗಿಡಗಳಾಚೆ ತಗಡಿನ ಬಾಗಿಲು.
'ಮೂರು ಗಂಟೆಗೆ ಸರಿಯಾಗಿ,' ಎಂದರು,
'ಜಿನ್ ಬಂದು ಮುಚ್ಚಿ ಹೋದ ಹಾಗೆ.'

ಹುಡುಕುವುದಕ್ಕೊಂದು ಕ್ರಮವಿದೆ.
ಗಂಗೊಳ್ಳಿಯ ಬೋಟಿನ ಇಂಜಿನ್ನು ಬೈದು ಕಲಿಸಿದ್ದು.
ಮೊದಲು ಟ್ಯಾಂಕು. ಎಣ್ಣೆ ಇದೆಯೇ ಎಂದು ನೋಡಲು ನಾಚಬಾರದು.
ಇತ್ತು, ಮುಕ್ಕಾಲು.
ಫಿಲ್ಟರಿನ ಬಟ್ಟಲಲ್ಲಿ ಹನಿ ನೀರಿಲ್ಲ. ಪೈಪು ಗಾಳಿ ಹಿಡಿದಿಲ್ಲ.
ಕೆಂಪು ಗುಂಡಿ ಒತ್ತಿದೆ:
ಪಂಪು ಗುಂಯ್ ಎಂದಿತು, ಕಿಡಿ ಚಟಪಟ,
ಎಣ್ಣೆ ಮಾತ್ರ ಬರಲಿಲ್ಲ.

ವಾಲ್ವು ಹಲ್ಲು ಕಚ್ಚಿ ಕೂತಿತ್ತು.
ಅದರ ಕತ್ತಿನಿಂದ ಹೊರಟ ತಾಮ್ರದ ನರ
ಗೋಡೆ ಹಿಡಿದು ನಡೆದು ಬರ್ನರಿನ ಮೇಲೆ
ಬೆರಳುದ್ದದ ಕೊಳವೆಯಲ್ಲಿ ಮುಗಿಯುತ್ತದೆ.
ಕೋಣೆ ಕಾದರೆ ಕೊಳವೆಗೆ ತಿಳಿಯುತ್ತದೆ,
ತಿಳಿದರೆ ಎಣ್ಣೆ ಬಂದ್. ಅದಕ್ಕಿರುವ ಬುದ್ಧಿ ಅಷ್ಟೇ.

ನಾನು ಮೂರನೆಯವನು.
ಮೊದಲಿನವನು ಹೊಸ ವಾಲ್ವ್ ಹಾಕಿ ಹೋಗಿದ್ದ.
ಎರಡನೆಯವನು ತಂತಿ ಬಿಗಿದು ಅದರ ಬಾಯಿ ತೆರೆದೇ ಇಡಲು ಹೊರಟು
ಯಾಕೋ ಬಿಟ್ಟಿದ್ದ; ತಂತಿ ಇನ್ನೂ ಮೊಳೆಯಲ್ಲಿ ನೇತಾಡುತ್ತಿತ್ತು.
ಪುಣ್ಯಾತ್ಮ, ಎಲ್ಲಿದ್ದರೂ ಚೆನ್ನಾಗಿರು.

ಫ್ಲಾಸ್ಕಿನ ಬಿಸಿನೀರು ಲೋಟಕ್ಕೆ ಬಗ್ಗಿಸಿ ಕೊಳವೆ ಅದ್ದಿದೆ. ಟಕ್.
ಆರಲು ಬಿಟ್ಟು ಗುಂಡಿ ಎತ್ತಿದೆ. ಟಕ್.
ವಾಲ್ವ್ ಸರಿಯಿದೆ.

ಹಾಗಾದರೆ ಮೂರು ಗಂಟೆಗೇ ಏನು?
ಬಾಗಿಲು ಹಾಕಿಕೊಂಡು ಕೂತೆ.
ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಕಂಡದ್ದು:
ಗಾಳಿಗಂಡಿಗೆ ತುರುಕಿದ ಹೂವಿನ ಸೀರೆಯ ತುಂಡು,
ಟ್ಯಾಂಕಿನ ಸಂದಿಯಲ್ಲಿ ಮಡಚಿದ ಚಾಪೆ, ಹಲ್ಲು ಮುರಿದ ಬಾಚಣಿಗೆ,
ವಾಲಿಸಿಟ್ಟ ಕೊಬ್ಬರಿ ಎಣ್ಣೆ ಬಾಟಲಿ.
ಎಣ್ಣೆ ಓರೆಯಾಗಿ ಹೆಪ್ಪುಗಟ್ಟಿತ್ತು.
ಅಂದರೆ ರಾತ್ರಿ ಇಲ್ಲೇ ಕರಗಿದೆ.

ಖಾವಾ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.
ಕಡಪದ ಓಬುಳಮ್ಮ.
'ಚಲಿ, ಅಣ್ಣಾ.'
ನನ್ನ ಚಳಿಯೇ, ನಾಲಿಗೆ ಮಡಚದೆ ಆಡಿದ್ದು.
ನಡುಗುವ ಬಾಯಿಗೆ ಮಡಚಲು ಪುರುಸೊತ್ತೆಲ್ಲಿ.

ಮನೆಗೆ ಹನ್ನೊಂದು ರೇಡಿಯೇಟರು.
ಅವಳ ಕೋಣೆ ತಾರಸಿಯ ಮೇಲೆ; ನಕ್ಷೆಯಲ್ಲಿ ಅದರ ಹೆಸರು ಸ್ಟೋರ್.

ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಹೇಳಿದೆ:
ಬೆಂಕಿಗೂ ಉಸಿರು ಬೇಕಮ್ಮ. ಗಂಡಿ ಮುಚ್ಚಿದರೆ
ನಿನ್ನ ಪಾಲನ್ನೂ ಅದೇ ಕುಡಿಯುತ್ತದೆ.
ಆ ವಿಷಕ್ಕೆ ವಾಸನೆಯಿಲ್ಲ, ನಿದ್ದೆಯ ಹಾಗೇ ಬರುತ್ತದೆ.
ಅವಳು ಬೆರಳು ಮಡಚಿ ರಾತ್ರಿಗಳನ್ನು ಎಣಿಸಿದಳು.
ಇಪ್ಪತ್ತಾರು.
ಆಮೇಲೆ ವಾಲ್ವಿನ ಕಡೆ ನೋಡಿ, 'ದಿನಾ ಇದನ್ನೇ ಬೈದೆ,' ಎಂದಳು.

ವರದಿ ಬರೆಯಬೇಕು. ದೋಷ: ವಾಲ್ವಿನದಲ್ಲ.
ಕಾರಣ ಎಂಬ ಖಾನೆಯಲ್ಲಿ ಪೆನ್ನು ನಿಂತಿತು.
ಬಟ್ಟೆ ಎಂದು ಬರೆದರೆ ಯಾರ ಬಟ್ಟೆ ಎಂದು ಕೇಳುತ್ತಾರೆ.
ಬರೆದೆ: ಗಾಳಿಗಂಡಿ ಕಟ್ಟಿತ್ತು, ಬಿಡಿಸಿದೆ.
ಸ್ಟೋರ್ ಕೋಣೆಗೊಂದು ರೇಡಿಯೇಟರು ಕಡ್ಡಾಯ,
ಇಲ್ಲವಾದರೆ ಬಿಸಿ ಹಿಂದಕ್ಕೊತ್ತಿ ವಾಲ್ವ್ ಮತ್ತೆ ಮುಚ್ಚುತ್ತದೆ.
ಈ ವಿದ್ಯೆ ಓದಿದವರು ನಕ್ಕಾರು. ನಗಲಿ.

ಅಜ್ಜಿ ಚೀಟಿಯನ್ನು ಓದಲಿಲ್ಲ, ನನ್ನನ್ನು ಓದಿದರು,
ಬಹಳ ಹೊತ್ತು. ಆಮೇಲೆ ತಾರಸಿಯ ಕಡೆ ತಿರುಗಿ
'ಎಷ್ಟು ರಿಯಾಲು?' ಎಂದರು.

ರೇಡಿಯೇಟರು ಬರುವುದು ಗುರುವಾರ.
ಅಲ್ಲಿತನಕ ಅಡುಗೆಮನೆಯಲ್ಲಿ, ಎಂದು ಅವರೇ ಹೇಳಿದರು.
ಓಬುಳಮ್ಮ ಚಾಪೆ ಕಂಕುಳಿಗೆ ಸಿಕ್ಕಿಸಿಕೊಂಡು
ಬಾಟಲಿಯನ್ನು ನೆಟ್ಟಗೆ ಹಿಡಿದು ಅಂಗಳ ದಾಟಿದಳು.
ಒಳಗೆ ಎಣ್ಣೆ ಇನ್ನೂ ಓರೆಯಾಗಿಯೇ ಇತ್ತು.